ಭಾವಚಿತ್ರದ ಕಿಟ್ ಕುರಿತು ದೂರು: ಗಾಜು ತಿರುಗುಮುರುಗು, ಬೆಲ್ಲೋಸ್ ಗಿಡ್ಡ

ಗೆ,
ಮುಖ್ಯಸ್ಥರು,
ಗ್ರಾಹಕ ಸೇವಾ ವಿಭಾಗ

ಮಾನ್ಯರೇ,

ಲಾರ್ಜ್ ಫಾರ್ಮ್ಯಾಟ್ (ದೊಡ್ಡ ಫಿಲ್ಮ್ ಹಾಳೆಯ) ಛಾಯಾಗ್ರಹಣ ಕಲಿಯಲು ಹೊರಟವರಿಗೆಂದೇ, 'ಭಾವಚಿತ್ರಕ್ಕೆ ಸಿದ್ಧ' ಎಂದು ನೀವು ಮಾರುವ 4×5 ಇಂಚಿನ ಕ್ಯಾಮೆರಾ ಕಿಟ್ಟನ್ನು ಕೊಂಡವರಲ್ಲಿ ನಾನೂ ಒಬ್ಬ. ಅದರಲ್ಲಿ ಲೆನ್ಸನ್ನು ಪೂರ್ತಿ ತೆರೆದು ತೆಗೆದ ಒಂದು ಚಿತ್ರದಲ್ಲೂ ಕುಳಿತವರ ಕಣ್ಣು ಸ್ಪಷ್ಟವಾಗಿ ಬಂದಿಲ್ಲ. ಇದನ್ನು ತಿಳಿಸಿದಾಗ ನಿಮ್ಮ ಸಿಬ್ಬಂದಿ ಕೊಟ್ಟ ಉತ್ತರ, 'ಹೊಸಬರಿಗೆ ಇದು ಸಹಜ, ಅಪರ್ಚರ್ ಎಫ್/22ಕ್ಕೆ ಇಳಿಸಿ', ಅಂದರೆ ಲೆನ್ಸಿನ ರಂಧ್ರವನ್ನು ಕಿರಿದು ಮಾಡಿ, ಎಂದು. ಪತ್ರ ಬರೆಯುವಂತೆ ಮಾಡಿದ್ದು ಈ ಉತ್ತರವೇ. ದೋಷ ಹೊಸಬನ ಕೈಯಲ್ಲಿಲ್ಲ, ನಿಮ್ಮ ಕ್ಯಾಮೆರಾದ ಬೆನ್ನಿನಲ್ಲಿದೆ.

ಫೋಕಸ್ ನೋಡಲು ಕ್ಯಾಮೆರಾದ ಹಿಂಭಾಗದಲ್ಲಿರುವ ಮಸುಕು ಗಾಜಿನ, ಅಂದರೆ ಗ್ರೌಂಡ್ ಗ್ಲಾಸಿನ, ತರಿಯಾದ ಮುಖ ಲೆನ್ಸಿನ ಕಡೆಗಿರಬೇಕು. ಬಿಂಬ ಮೂಡುವುದು ಅದರ ಮೇಲೆ. ಫಿಲ್ಮ್ ಹಾಳೆ ತುಂಬಿದ ಹೋಲ್ಡರ್ ತಳ್ಳಿದಾಗ ಫಿಲ್ಮ್ ಬಂದು ನಿಲ್ಲಬೇಕಾದದ್ದೂ ಅದೇ ಜಾಗದಲ್ಲಿ. ನೀವು ಕಳಿಸಿದ ಕ್ಯಾಮೆರಾದಲ್ಲಿ ಹೊರಗಿನಿಂದ ಗಾಜಿನ ಮೇಲೆ ಉಗುರು ಎಳೆದರೆ ಗರಗರ ಎನ್ನುತ್ತದೆ. ಬೆರಳು ತಾಗಿದಲ್ಲೆಲ್ಲ ಜಿಡ್ಡು ಹತ್ತಿ ಮಸುಕು ಹೋಗಿ, ಆಚೆಗಿನದು ಕಾಣುತ್ತದೆ. ಅಂದರೆ ಗಾಜನ್ನು ತಿರುಗುಮುರುಗಾಗಿ ಕೂರಿಸಿದ್ದೀರಿ. ಗಾಜಿನ ದಪ್ಪ 2 ಮಿ.ಮೀ. ಅದರೊಳಗೆ ಬೆಳಕು ಬಾಗುವುದನ್ನು ಲೆಕ್ಕಕ್ಕೆ ಹಿಡಿದರೂ ಫೋಕಸ್ ಸುಮಾರು 1.3 ಮಿ.ಮೀ. ತಪ್ಪುತ್ತದೆ. ಕಡಿಮೆಯೆನಿಸಬಹುದು, ಆದರೆ ಭಾವಚಿತ್ರದ ದೂರದಲ್ಲಿ ಅದು ಮುಖದ ಮೇಲೆ ಮೂರು-ನಾಲ್ಕು ಸೆಂಟಿಮೀಟರ್ ಆಗುತ್ತದೆ. ಲೂಪ್ (ಭೂತಗನ್ನಡಿ) ಹಿಡಿದು ರೆಪ್ಪೆಗೆ ಫೋಕಸ್ ಮಾಡಿದರೆ ನೆಗೆಟಿವ್‌ನಲ್ಲಿ ಕೆನ್ನೆಗೂದಲನ್ನು ಎಳೆಎಳೆಯಾಗಿ ಎಣಿಸಬಹುದು, ಕಣ್ಣು ಮಾತ್ರ ಮಂಜು. ಬೆಟ್ಟಗುಡ್ಡಗಳನ್ನು ತೆಗೆಯುವವರು ಹೇಗೂ ಎಫ್/22 ಬಳಸುತ್ತಾರೆ, ರಂಧ್ರ ಕಿರಿದಾದಷ್ಟೂ ಹಿಂದುಮುಂದಿನದೆಲ್ಲ ಸ್ಪಷ್ಟವಾಗುವುದರಿಂದ ಅವರಿಗೆ ಇದು ಗೊತ್ತಾಗದೆ ಹೋದೀತು.

ನಿಮ್ಮ ಸಲಹೆ ದೋಷವನ್ನು ಮುಚ್ಚುತ್ತದೆಯೇ ಹೊರತು ಸರಿಪಡಿಸುವುದಿಲ್ಲ. ಎಫ್/5.6ರಿಂದ ಎಫ್/22ಕ್ಕೆ ಹೋದರೆ ಎಕ್ಸ್‌ಪೋಷರ್ 16 ಪಟ್ಟು ಬೇಕು. ಕಿಟಕಿಯ ಬೆಳಕಿನಲ್ಲಿ 1/30 ಸೆಕೆಂಡ್ ಸಾಕಿದ್ದ ಕಡೆ ಅರ್ಧ ಸೆಕೆಂಡ್. ಫೋಕಸ್ ಆದ ಮೇಲೆ ಲೆನ್ಸ್ ಮುಚ್ಚಿ, ಹೋಲ್ಡರ್ ತೂರಿಸಿ, ಫಿಲ್ಮಿಗೆ ಬೆಳಕು ತಾಗದಂತೆ ತಡೆಯುವ ಡಾರ್ಕ್ ಸ್ಲೈಡ್ ಎಳೆಯುವವರೆಗೆ ಅಲುಗದೆ ಕೂರುವುದೇ ಎದುರಿಗಿರುವವರಿಗೆ ಕಷ್ಟ. ಅದರ ಮೇಲೆ ಅರ್ಧ ಸೆಕೆಂಡ್ ರೆಪ್ಪೆ ಬಡಿಯಬೇಡಿ ಎಂದು ಯಾವ ಬಾಯಲ್ಲಿ ಹೇಳಲಿ? ಇಷ್ಟಕ್ಕೂ ಕಣ್ಣು ಮಾತ್ರ ಸ್ಪಷ್ಟವಾಗಿದ್ದು ಹಿನ್ನೆಲೆ ಕರಗಿಹೋಗುವ ಚಿತ್ರವನ್ನೇ ತೋರಿಸಿ ನೀವು ಈ ಕಿಟ್ಟನ್ನು ಮಾರಿದ್ದು.

ಆ ಜಾಹೀರಾತಿನಲ್ಲಿ ಚೌಕಟ್ಟಿನ ತುಂಬ ಒಂದು ಮುಖವಿದೆ. ಕಿಟ್‌ನಲ್ಲಿರುವ 210 ಮಿ.ಮೀ. ಲೆನ್ಸಿನಿಂದ ಹಾಗೆ ತೆಗೆಯಲು ಬೆಲ್ಲೋಸ್ (ಲೆನ್ಸಿಗೂ ಕ್ಯಾಮೆರಾದ ಹಿಂಭಾಗಕ್ಕೂ ನಡುವಿನ ಮಡಿಕೆಯ ಚೀಲ) 300 ಮಿ.ಮೀ.ನಷ್ಟು ಚಾಚಬೇಕು. ನಿಮ್ಮದನ್ನು ಪೂರ್ತಿ ಎಳೆದರೂ 250 ದಾಟುವುದಿಲ್ಲ. ಲೆನ್ಸಿನಿಂದ 1.3 ಮೀಟರ್‌ಗಿಂತ ಹತ್ತಿರ ಬಂದವರಿಗೆ ಫೋಕಸ್ಸೇ ಸಿಗದು. ಎಷ್ಟೇ ಹತ್ತಿರದಿಂದ ತೆಗೆದರೂ ನೆತ್ತಿಯಿಂದ ಹೊಟ್ಟೆಯ ಮೇಲ್ಭಾಗದವರೆಗಿನ ಚಿತ್ರವೇ ಗತಿ. ಬೆಲ್ಲೋಸಿನ ಅಳತೆಯನ್ನು ನೀವು ಎಲ್ಲಿಯೂ ನಮೂದಿಸಿಲ್ಲ. ಅಷ್ಟು ಚಾಚಿದಾಗ ಅರ್ಧ ಸ್ಟಾಪ್ ಹೆಚ್ಚು, ಅಂದರೆ ಸುಮಾರು 1.4 ಪಟ್ಟು ಬೆಳಕು ಕೊಡಬೇಕೆಂಬ ಮಾತೂ ಕೈಪಿಡಿಯಲ್ಲಿಲ್ಲ. ಚರ್ಮದ ಹಿಡಿಯನ್ನು ಒರೆಸುವ ವಿಧಾನಕ್ಕೆ ಮಾತ್ರ ಒಂದಿಡೀ ಪುಟವಿದೆ.

ಎರಡು ಹೋಲ್ಡರ್‌ಗಳ ಪೈಕಿ ಒಂದರಲ್ಲಿ, ಡಾರ್ಕ್ ಸ್ಲೈಡ್ ಎಳೆಯುವ ಸೀಳಿನಿಂದ ಬೆಳಕು ಸೋರುತ್ತದೆ. ಅದನ್ನೂ ಬದಲಿಸಿಕೊಡಿ.

ಗಾಜನ್ನು ನಾನೇ ತಿರುಗಿಸಿಕೊಳ್ಳಬಲ್ಲೆ, ಕ್ಲಿಪ್ಪುಗಳ ನಾಲ್ಕು ಸ್ಕ್ರೂ ಬಿಚ್ಚಿದರಾಯಿತು. ಆದರೆ ಅವುಗಳ ಮೇಲೆ ನೀವು ಮೊಹರು ಅಂಟಿಸಿ, ಅದು ಹರಿದರೆ ಗ್ಯಾರಂಟಿ ಇಲ್ಲ ಎಂದು ಬರೆದಿದ್ದೀರಿ. ಹಾಗಾಗಿ ಕ್ಯಾಮೆರಾದ ಹಿಂಭಾಗವನ್ನು ನಿಮ್ಮ ಖರ್ಚಿನಲ್ಲೇ ತರಿಸಿಕೊಂಡು, ಫಿಲ್ಮಿನ ಮಟ್ಟಕ್ಕೆ ಅಳೆದು ಸರಿಪಡಿಸಿ ಕಳಿಸಬೇಕು. ಉದ್ದದ ಬೆಲ್ಲೋಸ್ ಕೊಡಬೇಕು. ಆಗದಿದ್ದರೆ ಇಡೀ ಕಿಟ್ ಹಿಂಪಡೆದು ಪೂರ್ಣ ಹಣ ಮರಳಿಸಬೇಕು. ಹಾಳಾದ ಫಿಲ್ಮಿನ ಬೆಲೆಯನ್ನೂ ಭರಿಸಬೇಕು. ರಸೀದಿ, ನೆಗೆಟಿವ್‌ಗಳ ಸ್ಕ್ಯಾನ್ ಮತ್ತು ಗಾಜಿನ ಫೋಟೋಗಳನ್ನು ಲಗತ್ತಿಸಿದ್ದೇನೆ. ಈ ಸಲ ಉತ್ತರಿಸುವವರು ಕ್ಯಾಮೆರಾ ಬಲ್ಲವರಾಗಿರಲಿ. ಹದಿನೈದು ದಿನಗಳೊಳಗೆ ಉತ್ತರ ಬಾರದಿದ್ದರೆ ಇವೇ ದಾಖಲೆಗಳೊಂದಿಗೆ ಗ್ರಾಹಕ ನ್ಯಾಯಾಲಯಕ್ಕೆ ಹೋಗುತ್ತೇನೆ.

ಇಂತಿ,
ನಿಮ್ಮ ಗ್ರಾಹಕ