ಸರಿದ ಚುಕ್ಕಿಯನ್ನು ಮತ್ತೆ ಕಂಡವರಿಗೆ

ಮೊನ್ನೆ ರಾತ್ರಿ ಇಮೇಲ್ ಬಂತು. ನಮ್ಮ ತಂಡ ಗುರುತಿಸಿದ್ದ ಚುಕ್ಕಿಗೆ ತಾತ್ಕಾಲಿಕ ಹೆಸರು ಸಿಕ್ಕಿದೆ: ಒಂದು ಇಸವಿ, ಎರಡು ಅಕ್ಷರ, ಒಂದು ಅಂಕಿ. ಮಂಗಳ ಮತ್ತು ಗುರುವಿನ ನಡುವಿನ ಪಟ್ಟಿಯಲ್ಲಿ ಸುತ್ತುವ ಲಕ್ಷಾಂತರ ಕ್ಷುದ್ರಗ್ರಹಗಳಲ್ಲಿ ಅದೂ ಒಂದು. ಬೆಟಗೇರಿಯ ನಮ್ಮ ಮಗ್ಗದ ಮನೆಯಲ್ಲಿ ಆ ರಾತ್ರಿ ಯಾರಿಗೂ ನಿದ್ದೆಯಿಲ್ಲ.

ನಮ್ಮ ಹತ್ತಿರ ದೂರದರ್ಶಕವಿಲ್ಲ. ಚಿತ್ರಗಳು ಹವಾಯಿಯ ಹಲೇಕಲಾ ಬೆಟ್ಟದ ಮೇಲಿನ 1.8 ಮೀಟರ್ ಪ್ಯಾನ್-ಸ್ಟಾರ್ಸ್ ದೂರದರ್ಶಕದವು. ಅವನ್ನು ನಮ್ಮಂಥ ಹವ್ಯಾಸಿಗಳಿಗೂ ಶಾಲಾ ಮಕ್ಕಳಿಗೂ ಹಣ ಕೇಳದೆ ಹಂಚುವ ಅಂತಾರಾಷ್ಟ್ರೀಯ ಖಗೋಳ ಶೋಧ ಸಹಯೋಗದವರಿಗೆ ನಾವು ಋಣಿಗಳು. ಆಕಾಶದ ಒಂದೇ ತುಣುಕಿನ ನಾಲ್ಕು ಚಿತ್ರ. ಆಸ್ಟ್ರೊಮೆಟ್ರಿಕಾ ಎಂಬ ತಂತ್ರಾಂಶದಲ್ಲಿ ಒಂದರ ಹಿಂದೊಂದು ಮಿನುಗಿಸಿದರೆ ನಕ್ಷತ್ರಗಳು ನಿಂತಲ್ಲೇ ಇರುತ್ತವೆ, ಕ್ಷುದ್ರಗ್ರಹ ಮಾತ್ರ ನೆಟ್ಟಗೆ ಸರಿಯುತ್ತದೆ. ಮೊದಲೆರಡು ಅಭಿಯಾನಗಳಲ್ಲಿ ನಾವು ಕಳಿಸಿದ್ದೆಲ್ಲ ಕೆಟ್ಟ ಪಿಕ್ಸೆಲ್, ಇಲ್ಲವೇ ಆಗಲೇ ಪಟ್ಟಿಯಲ್ಲಿದ್ದ ಕಲ್ಲು.

ಮೂರನೆಯದರಲ್ಲಿ ಅವ್ವ ಬಂದಳು. ನಲವತ್ತು ವರ್ಷ ಸೀರೆ ನೇಯ್ದ ಕಣ್ಣು, ತಪ್ಪಿದ ಎಳೆಯನ್ನು ಬಾಗಿಲಲ್ಲಿ ನಿಂತೇ ಹಿಡಿಯುತ್ತದೆ. ಚಹಾ ಇಡಲು ಬಂದವಳು ಪರದೆ ನೋಡಿ, "ಆ ಮೂಲ್ಯಾಗ ಒಂದ್ ಚುಕ್ಕಿ ಸರದೈತಿ ನೋಡೋ" ಅಂದಳು. ನಾನು ಮೂರು ಸಲ ನೋಡಿ ಬಿಟ್ಟ ಮೂಲೆ ಅದು. ಅವ್ವಾ, ವರದಿಯಲ್ಲಿ ನಿನ್ನ ಹೆಸರೂ ಹೋಗಿದೆ.

ನನ್ನ ಲ್ಯಾಪ್‌ಟಾಪ್ ನಡುವೆ ಕೈಕೊಟ್ಟಾಗ ತನ್ನ ಅಂಗಡಿಯ ಯಂತ್ರವನ್ನೇ ಹೊತ್ತು ತಂದುಕೊಟ್ಟ ಓಣಿಯ ಅಣ್ಣನಿಗೂ ಕೈಮುಗಿದೆ.

ಇನ್ನು, ಮುಖವನ್ನೇ ಕಾಣದವರ ಋಣ. 1801ರ ಜನವರಿ 1ರಂದು ಇಟಲಿಯ ಪಲೆರ್ಮೊದಲ್ಲಿ ಖಗೋಳಜ್ಞ ಪಿಯಾಟ್ಸಿ ಮೊತ್ತಮೊದಲ ಕ್ಷುದ್ರಗ್ರಹ ಸೀರಿಸ್ ಕಂಡರು. ಫೆಬ್ರುವರಿಯ ನಂತರ ಅದು ಸೂರ್ಯನ ಬೆಳಕಿಗೆ ಮರೆಯಾಯಿತು. ಇಪ್ಪತ್ನಾಲ್ಕರ ಹುಡುಗ, ಗಣಿತಜ್ಞ ಗಾಸ್ ಲೆಕ್ಕ ಹಾಕಿ ಹೇಳಿದ ಜಾಗದ ಹತ್ತಿರವೇ, ವರ್ಷದ ಕೊನೆಯ ದಿನ, ಖಗೋಳಜ್ಞ ಫಾನ್ ತ್ಸಾಕ್ ಅದನ್ನು ಮತ್ತೆ ಹಿಡಿದರು. ಒಂದು ರಾತ್ರಿಯ ಅಳತೆಯಿಂದ ಕಕ್ಷೆ ಹುಟ್ಟುವುದಿಲ್ಲ. ನಮ್ಮ ಚುಕ್ಕಿಯನ್ನು ಬೇರೆ ರಾತ್ರಿ ಕಂಡು ಅಳೆದವರಿದ್ದಾರೆ. ಅವರಿಗೆ ಬೆಟಗೇರಿ ಎಲ್ಲಿದೆಯೆಂದು ಗೊತ್ತಿರಲಿಕ್ಕಿಲ್ಲ. ಅವರು ನೋಡದಿದ್ದರೆ ಅವ್ವ ಕಂಡದ್ದು ನಮ್ಮ ಮನೆಯ ಮಾತಾಗಿಯೇ ಉಳಿಯುತ್ತಿತ್ತು.

ಶಾಶ್ವತ ಸಂಖ್ಯೆಗೆ ಇನ್ನೂ ವರ್ಷಗಳು ಬೇಕು, ಹೆಸರಿಡುವುದು ಅದಾದ ಮೇಲೆ. ಏನು ಹೆಸರು ಅಂತ ಓಣಿಯವರು ಈಗಲೇ ಕೇಳುತ್ತಿದ್ದಾರೆ. ಕೇಳಲಿ, ನನಗೂ ಖುಷಿ.

ಹೊಸ ಚಿತ್ರಗಳು ಬಂದಿವೆ. ಭಾನುವಾರ ಸಂಜೆ ಏಳಕ್ಕೆ ಕೂಡುತ್ತೇವೆ, ಅವ್ವನ ಪಕ್ಕ ಎರಡು ಕುರ್ಚಿ ಖಾಲಿ ಇವೆ.