‘ಪ್ರಿಯ’ಕ್ಕೂ ‘ಫ್ರೆಂಡ್’ಗೂ ಒಂದೇ ಬೇರು

ಪ್ರಿಯ ಗೆಳೆಯ,

‘ಫ್ರೆಂಡ್’ ಅನ್ನೋ ಮಾತು ಎಲ್ಲಿಂದ ಬಂತು ಎಂದು ಕೇಳಿದ್ದೆಯಲ್ಲ, ಉತ್ತರ ಈ ಪತ್ರದ ಮೊದಲ ಪದದಲ್ಲೇ ಇದೆ. ‘ಪ್ರಿಯ’ ಮತ್ತು ‘ಫ್ರೆಂಡ್’ ಒಂದೇ ಬೇರಿನವು. ಸಂಸ್ಕೃತದಿಂದ ಇಂಗ್ಲಿಷಿಗೆ ಹೋಯಿತು ಎಂದುಕೊಳ್ಳಬೇಡ. ಎರಡಕ್ಕೂ ಹಿಂದೆ ಇದ್ದ ಮೂಲಭಾಷೆಯಲ್ಲಿ ‘ಪ್ರೀ’ ಎಂಬಂಥ ಒಂದು ಧಾತು ಇತ್ತು, ಅಕ್ಕರೆ ಎಂಬ ಅರ್ಥದಲ್ಲಿ. ಅದೇ ಇಲ್ಲಿ ಪ್ರಿಯ, ಪ್ರೀತಿ, ಪ್ರೇಮ ಆಯಿತು. ಅಲ್ಲಿ ಫ್ರೆಂಡ್ ಆಯಿತು.

‘ಪ’ ಹೇಗೆ ‘ಫ’ ಆಯಿತು? ಇಂಗ್ಲಿಷ್, ಜರ್ಮನ್ ಇರುವ ಬಳಗದಲ್ಲಿ ಪದದ ಮೊದಲ ಪಕಾರವೆಲ್ಲ ಸಾಲುಸಾಲಾಗಿ ಫಕಾರವಾಯಿತು: ಪಿತೃ–ಫಾದರ್, ಪಾದ–ಫುಟ್, ಪಂಚ–ಫೈವ್. ಡೆನ್ಮಾರ್ಕಿನ ರಾಸ್ಮುಸ್ ರಾಸ್ಕ್ 1818ರಲ್ಲಿ, ಜರ್ಮನಿಯ ಯಾಕೋಬ್ ಗ್ರಿಮ್ 1822ರಲ್ಲಿ ಇದನ್ನು ನಿಯಮವಾಗಿ ತೋರಿಸಿದರು. ಕನ್ನಡಿಗರಿಗೆ ಇದು ಕಷ್ಟದ ಪಾಠವಲ್ಲ. ಹಳಗನ್ನಡದ ಪಾಲ್ ನಮ್ಮ ಬಾಯಲ್ಲಿ ಹಾಲು, ಪೂ ಹೂವು, ಪೊನ್ ಹೊನ್ನು ಆದದ್ದೂ ಇಂಥದ್ದೇ ಸಾಲು ಬದಲಾವಣೆ.

ಇನ್ನು ಕೊನೆಯ ‘ಂಡ್’. ನನಗೆ ತುಂಬ ಇಷ್ಟವಾದ ಭಾಗ ಇದು. ಹಳೆಯ ಇಂಗ್ಲಿಷಿನಲ್ಲಿ ‘ಫ್ರೆಓಗನ್’ ಎಂದರೆ ಪ್ರೀತಿಸು. ಅದರ ವರ್ತಮಾನ ಕೃದಂತ ‘ಫ್ರೆಓಂಡ್’, ಅಂದರೆ ‘ಪ್ರೀತಿಸುತ್ತಿರುವವನು’. ನಾವು ದಿನವೂ ಆಡುವ ‘ಜೀವಂತ’ದ ‘ಅಂತ’ ಇದೇ ಪ್ರತ್ಯಯ: ಬದುಕುತ್ತಿರುವ. ಹೀಗೆ ಫ್ರೆಂಡ್ ಪದದ ತಲೆಯೂ ಬಾಲವೂ ನಮ್ಮ ಮಾತಿನಲ್ಲಿ ಬೇರೆಬೇರೆಯಾಗಿ ಬಳಕೆಯಲ್ಲಿವೆ. ಇದಕ್ಕೆ ಎದುರಾಳಿಯೂ ಇದೇ ಅಚ್ಚಿನಲ್ಲಿ ಎರಕವಾದ ಪದ: ‘ಫೆಓಂಡ್’, ದ್ವೇಷಿಸುತ್ತಿರುವವನು. ಅಂದು ಶತ್ರು ಎಂಬರ್ಥವಿದ್ದದ್ದು ಇಂದು ಪಿಶಾಚಿ ಎಂಬರ್ಥದ ‘ಫೀಂಡ್’. ಮಕ್ಕಳು ಫ್ರೆಂಡ್ ಕಾಗುಣಿತದಲ್ಲಿ ಎಡವುವುದೂ ಇಲ್ಲೇ. ಮೊದಲು ಎರಡರಲ್ಲೂ ದೀರ್ಘ ಸ್ವರವಿತ್ತು. ಫ್ರೆಂಡ್‌ಷಿಪ್, ಫ್ರೆಂಡ್‌ಲಿ ಎನ್ನುವಾಗ ಮುಂದೆ ವ್ಯಂಜನಗಳು ಒತ್ತಿ ಬಂದು ಸ್ವರ ಮೊಟಕಾಯಿತು, ಆ ಮೊಟಕು ಮೂಲಪದಕ್ಕೂ ಅಂಟಿತು. ಬರಹ ಮಾತ್ರ ‘ಐ-ಇ’ ಎಂದೇ ಉಳಿಯಿತು.

ಅಂದಹಾಗೆ, ಫ್ರೈಡೇ ಕೂಡ ಈ ಮನೆಯದೇ. ರೋಮನ್ನರ ಶುಕ್ರವಾರ ವೀನಸ್ ದೇವತೆಯ ದಿನ. ಜರ್ಮನಿಕ್ ಜನ ಅಲ್ಲಿ ತಮ್ಮ ಫ್ರಿಗ್ ದೇವಿಯನ್ನು ಕೂರಿಸಿದರು. ಫ್ರಿಗ್ ಎಂದರೆ ‘ಪ್ರಿಯೆ’.

ಒಂದು ಎಚ್ಚರಿಕೆ. ಸದ್ದು ಹೋಲಿತೆಂದು ನಂಟು ಕಟ್ಟಬಾರದು. ಮಿತ್ರ–ಮೇಟ್ ಒಂದೇ ಎನ್ನುವವರಿದ್ದಾರೆ, ತಪ್ಪು. ಮೇಟ್ ಬಂದದ್ದು ಊಟಕ್ಕಿದ್ದ ‘ಮೀಟ್’ ಎಂಬ ಹಳೆಯ ಪದದ ಬಳಗದಿಂದ, ಅಂದರೆ ಜೊತೆಯಲ್ಲಿ ಉಣ್ಣುವವನು. ತದ್ವಿರುದ್ಧವಾಗಿ, ಸದ್ದೇ ಹೋಲದ ‘ಪ್ಯಾಲ್’, ಗೆಳೆಯ ಎಂಬರ್ಥದ ಇಂಗ್ಲಿಷ್ ಪದ, ನಿಜಕ್ಕೂ ನಮ್ಮ ಕಡೆಯದು. ಭಾರತದಿಂದ ಪಶ್ಚಿಮಕ್ಕೆ ಹೋದ ರೋಮಾ ಜನರ ‘ಫ್ರಾಲ್’, ಅಂದರೆ ಸಂಸ್ಕೃತದ ‘ಭ್ರಾತೃ’, ಇಂಗ್ಲೆಂಡಿನಲ್ಲಿ ‘ಪ್ಯಾಲ್’ ಆಗಿ 17ನೇ ಶತಮಾನದಲ್ಲೇ ಬರಹಕ್ಕೆ ಬಂತು.

ಪತ್ರದ ಎರಡನೇ ಪದ ‘ಗೆಳೆಯ’ ಮಾತ್ರ ಈ ಮನೆತನದ್ದಲ್ಲ. ಅದು ಹಳಗನ್ನಡದ ‘ಕೆಳೆಯ’, ‘ಕೆಳೆ’ ಎಂದರೆ ಸ್ನೇಹ. ತಮಿಳಿನಲ್ಲಿ ಇದರ ಒಡಹುಟ್ಟು ‘ಕೇಳ್’. ಅದಕ್ಕೆ ಸ್ನೇಹಿತ, ನೆಂಟ ಎರಡೂ ಅರ್ಥ.

ಇಂತಿ ನಿನ್ನ,
ಕೆಳೆಯ