ಎಂಐಸಿ (ಬ್ಯಾಕ್ಟೀರಿಯಾ ಬೆಳವಣಿಗೆ ತಡೆಯಲು ಬೇಕಾದ ಔಷಧದ ಕನಿಷ್ಠ ಪ್ರಮಾಣ) ಪರೀಕ್ಷೆಯ ತಂಡದವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಹೊಸ ಆಂಟಿಬಯೋಟಿಕ್‌ಗೆ ನಾಳೆ ಬೆಳಿಗ್ಗೆ ಮತ್ತೆ ಬ್ರುಸೆಲ್ಲಾ ಅಗರ್ (ಬ್ಯಾಕ್ಟೀರಿಯಾ ಬೆಳೆಸುವ ಪೋಷಕ ಮಾಧ್ಯಮ) ಪ್ಲೇಟ್ ಹಾಕುತ್ತೇವೆ; ಪರೀಕ್ಷೆ ಆಮ್ಲಜನಕವಿಲ್ಲದೆ ಬೆಳೆಯುವ ಬ್ಯಾಕ್ಟೀರಿಯಾ ಮೇಲೆ. ಹೀಮಿನ್, ವಿಟಮಿನ್ ಕೆ1, ಲೇಕ್ ಮಾಡಿದ (ರಕ್ತಕಣ ಒಡೆಸಿದ) ಶೇ 5ರಷ್ಟು ಕುರಿರಕ್ತ, ಮೂರನ್ನೂ ಮರೆಯಬೇಡಿ. ಇಲ್ಲವಾದರೆ ಬ್ಯಾಕ್ಟೀರಿಯಾ ತಾನಾಗಿಯೇ ಸೊರಗುತ್ತದೆ, ಔಷಧ ಕೆಲಸ ಮಾಡಿತೆಂದು ನಾವು ಮೋಸಹೋಗುತ್ತೇವೆ.

ಕಳೆದ ವಾರ, ಪ್ಲೇಟ್‌ಗಳನ್ನು ಆಮ್ಲಜನಕವಿಲ್ಲದೆ ಇಡುವ ಜಾರ್‌ನೊಳಗಿನ ಆಮ್ಲಜನಕ ಸೂಚಕ ರೆಸಜುರಿನ್ ಪಟ್ಟಿ ಗುಲಾಬಿಯಾಗಿಯೇ ಉಳಿದಿತ್ತು, ಅಂದರೆ ಆಮ್ಲಜನಕ ಒಳಗೇ ಇತ್ತು. ಮುಚ್ಚಳದ ರಬ್ಬರಿನಲ್ಲಿ ಕೂದಲೆಳೆಯಷ್ಟು ಬಿರುಕು! ಎರಡು ದಿನದ ಶ್ರಮ ನೀರುಪಾಲಾಯಿತು. ನನಗೆ ಇನ್ನೂ ಸಂಕಟವಿದೆ. ಪಟ್ಟಿಯ ಬಣ್ಣ ಹೋದುದನ್ನು ಕಣ್ಣಾರೆ ನೋಡಿಯೇ ಮನೆಗೆ ಹೊರಡಿ.

ಔಷಧವಿಲ್ಲದ ಪ್ಲೇಟ್ ಇರಲಿ, ನಿಯಂತ್ರಣಕ್ಕೆ ಬ್ಯಾಕ್ಟೀರಾಯ್ಡಿಸ್ ಫ್ರಾಜಿಲಿಸ್ ಎಟಿಸಿಸಿ 25285 ಎಂಬ ಪ್ರಮಾಣಿತ ತಳಿ ಇರಲಿ. 42ರಿಂದ 48 ಗಂಟೆ ಆಗುವ ಮೊದಲು ಜಾರ್ ತೆರೆಯಬೇಡಿ. ಫಲಿತಾಂಶ ಓದುವಾಗ ಪ್ಲೇಟ್ ಮೇಲೆ ಬೆಳವಣಿಗೆಯಂತೆ ತೆಳು ಮಬ್ಬು ಕಂಡರೆ ಒಬ್ಬರೇ ತೀರ್ಮಾನಿಸದೆ ನನ್ನನ್ನು ಕರೆಯಿರಿ.